ಬೈಪಾಸ್ ಆದಮೇಲೆ ಸತ್ತವರ ಲೆಕ್ಕ ಇಟ್ಟವರು

ಅಮೆರಿಕದ ಕೇಂದ್ರ ಸರ್ಕಾರ 1986ರಲ್ಲಿ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ರೋಗಿಗಳ ಸಾವಿನ ಲೆಕ್ಕವನ್ನು ಆಸ್ಪತ್ರೆವಾರು ಹೊರಗೆ ಬಿಟ್ಟಿತು. ವೈದ್ಯರು ಸಿಟ್ಟಾದರು. ‘ನಮ್ಮಲ್ಲಿಗೆ ಬರುವವರೇ ಜಾಸ್ತಿ ಸೀರಿಯಸ್ ಕೇಸು, ಅದಕ್ಕೇ ಸಾವೂ ಜಾಸ್ತಿ’ ಎಂಬುದು ಅವರ ವಾದ. ಪೂರ್ತಿ ಸುಳ್ಳೇನಲ್ಲ. ಎಂಬತ್ತು ದಾಟಿದ, ಕಿಡ್ನಿ ಕೆಟ್ಟ ರೋಗಿಯನ್ನೂ ಐವತ್ತರ ಗಟ್ಟಿ ಆಳನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕಾಗಲ್ಲ ಅಲ್ವಾ?

ಹಾಗಾದರೆ ಸರಿಯಾದ ಲೆಕ್ಕ ನಾವೇ ಇಡೋಣ ಎಂದು ಹೊರಟವರು ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ರಾಜ್ಯಗಳ ಹೃದಯ ತಜ್ಞರು. 1987ರಲ್ಲಿ ಐದು ಆಸ್ಪತ್ರೆಗಳವರು ಸೇರಿ ಗುಂಪು ಕಟ್ಟಿದರು. ಬೈಪಾಸ್ (ಹೃದಯದ ಕಟ್ಟಿಕೊಂಡ ನಾಳಕ್ಕೆ ಬೇರೆ ನಾಳ ಜೋಡಿಸಿ ರಕ್ತಕ್ಕೆ ಬಳಸುದಾರಿ ಮಾಡುವ ಆಪರೇಷನ್) ಆದ ಪ್ರತಿ ರೋಗಿಯ ವಯಸ್ಸೆಷ್ಟು, ಹೃದಯ ಎಷ್ಟು ಬಲವಾಗಿ ಪಂಪ್ ಮಾಡುತ್ತಿತ್ತು, ಆಪರೇಷನ್ ತುರ್ತಿನದೋ ಅಲ್ಲವೋ, ಎಲ್ಲ ಬರೆದಿಟ್ಟರು.

1991ರಲ್ಲಿ ಫಲಿತಾಂಶ ಹೊರಬಂತು. ಒಟ್ಟು ಸಾವು ಶೇ 4.3. ಆಸ್ಪತ್ರೆವಾರು ನೋಡಿದರೆ 3.1ರಿಂದ 6.3. ಸರ್ಜನ್‌ವಾರು ನೋಡಿದರೆ 1.9ರಿಂದ 9.2! ರೋಗಿಗಳ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಹೋಗಲಿಲ್ಲ. ಹಳೆಯ ವಾದ ಅಲ್ಲಿಗೆ ಬಿತ್ತು.

ಮುಂದೆ ಮಾಡಿದ್ದು ನನಗೆ ತುಂಬಾ ಹಿಡಿಸಿದ ಭಾಗ. ಯಾರ ಹೆಸರನ್ನೂ ಪೇಪರಿಗೆ ಕೊಡಲಿಲ್ಲ. ಅವರವರ ಅಂಕಿ ಅವರವರ ಕೈಗೆ ಕೊಟ್ಟರು, ಗುಣಮಟ್ಟ ಸುಧಾರಿಸುವ ತರಬೇತಿ ಕೊಡಿಸಿದರು. ಆಮೇಲೆ ಒಬ್ಬರ ಆಸ್ಪತ್ರೆಗೆ ಇನ್ನೊಬ್ಬರು ಹೋಗಿ ನೋಡಿಬಂದರು. ಸರ್ಜನ್ ಒಬ್ಬರೇ ಅಲ್ಲ, ಅರಿವಳಿಕೆ ವೈದ್ಯರು, ಹಾರ್ಟ್-ಲಂಗ್ ಮೆಷಿನ್ ನಡೆಸುವ ಪರ್ಫ್ಯೂಷನಿಸ್ಟ್, ನರ್ಸ್‌ಗಳೂ ಹೋದರು. ಎದುರಾಳಿ ಆಸ್ಪತ್ರೆಯ ಓಟಿಯೊಳಗೆ ನಿಂತು ಅವರು ಮಾಡುವುದನ್ನು ಸುಮ್ನೆ ನೋಡುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. 1993ರವರೆಗಿನ ಅಂಕಿ ನೋಡಿದಾಗ ಸಾವು ನಿರೀಕ್ಷೆಗಿಂತ ಶೇ 24ರಷ್ಟು ಕಡಿಮೆ, ಅಂದರೆ 74 ಜೀವ ಉಳಿದಿತ್ತು.

ನ್ಯೂಯಾರ್ಕ್ ರಾಜ್ಯ ಬೇರೆ ದಾರಿ ಹಿಡಿಯಿತು. ಅಲ್ಲಿ 1990ರಲ್ಲಿ ಆಸ್ಪತ್ರೆಗಳ ಅಂಕಿ ಬಹಿರಂಗವಾಯಿತು. ಪತ್ರಿಕೆಯೊಂದು ಕೋರ್ಟಿಗೆ ಹೋಗಿ ಗೆದ್ದ ಮೇಲೆ 1991ರಲ್ಲಿ ಸರ್ಜನ್‌ಗಳದ್ದೂ ಹೊರಬಂತು. ಅಲ್ಲೂ ಸಾವು ಇಳಿಯಿತು. ಆದರೆ ಅಂಕಿ ಕೆಡುತ್ತದೆಂಬ ಭಯಕ್ಕೆ ಸರ್ಜನ್‌ಗಳು ಕಷ್ಟದ ರೋಗಿಗಳನ್ನು ಕೈಬಿಡುತ್ತಿದ್ದಾರಾ ಎಂಬ ಜಗಳ ಹುಟ್ಟಿತು. ಅದಿನ್ನೂ ಮುಗಿದಿಲ್ಲ.

ಮೂರು ರಾಜ್ಯಗಳ ಗುಂಪು ಮಾತ್ರ ಇನ್ನೂ ಆಳಕ್ಕಿಳಿಯಿತು. ರೋಗಿಗಳು ಸತ್ತಿದ್ದು ಯಾವ ಕಾರಣಕ್ಕೆ ಎಂದು ಒಂದೊಂದೇ ಕೇಸು ತೆಗೆದು ನೋಡಿತು. 1998ರಲ್ಲಿ ಸಿಕ್ಕ ಉತ್ತರ: ಮೂರರಲ್ಲಿ ಸುಮಾರು ಎರಡು ಸಾವಿಗೆ ಹೃದಯ ಸೋತಿದ್ದೇ ಕಾರಣ. ಸಾವು ಕಡಿಮೆ ಇದ್ದ ಸರ್ಜನ್‌ಗಳಿಗೂ ಜಾಸ್ತಿ ಇದ್ದವರಿಗೂ ಇದ್ದ ಅಂತರದ ಬಹುಪಾಲು ಇದೇ ಆಗಿತ್ತು. ಗಮನ ಹೃದಯದ ಸ್ನಾಯು ಕಾಪಾಡುವ ಕಡೆಗೆ ತಿರುಗಿತು. ಬೈಪಾಸ್‌ಗೆ ಯಾವ ನಾಳ ಬಳಸುತ್ತಾರೆ ಎಂಬುದನ್ನೂ ಗುಂಪು ನೋಡಿತು. ಎದೆಗೂಡಿನ ಒಳಗಿನ ರಕ್ತನಾಳವನ್ನು ಬಿಡಿಸಿ ಬೈಪಾಸ್‌ಗೆ ಬಳಸಲು ಕಾಲಿನ ನಾಳಕ್ಕಿಂತ ಹೆಚ್ಚು ಹೊತ್ತು ಬೇಕು. ಆದರೆ ಅದನ್ನು ಬಳಸಿದವರಲ್ಲಿ ಸಾವು ಕಡಿಮೆ ಎಂದು 2001ರಲ್ಲಿ ಇದೇ ಗುಂಪಿನ ಅಂಕಿಗಳು ತೋರಿಸಿದವು, ವಯಸ್ಸಾದವರಲ್ಲೂ ಕೂಡ.