ಪದ ಪರಿಚಯ: ಅಪ್‌ಡೇಟ್ ಸರ್ವರ್

ತುಮಕೂರಿನ ಕಾಲೇಜು ಲ್ಯಾಬುಗಳಲ್ಲಿ, ವಸಂತನರಸಾಪುರದ ಕಾರ್ಖಾನೆಗಳ ಆಫೀಸುಗಳಲ್ಲಿ, ಅಂಗಡಿಯವರು ಕೊಡುವ ಕೊಟೇಶನ್ನುಗಳಲ್ಲಿ ಈಗ ‘ಅಪ್‌ಡೇಟ್ ಸರ್ವರ್’ ಎಂಬ ಮಾತು ಧಾರಾಳವಾಗಿ ಓಡಾಡುತ್ತಿದೆ. ಹೋಗಿ ನೋಡಿದರೆ ಒಂದು ಕಡೆ ಅದು ಬರೀ ಶೇರ್ ಮಾಡಿದ ಫೋಲ್ಡರ್. ಇನ್ನೊಂದು ಕಡೆ ಪ್ರಾಕ್ಸಿ, ಅಂದರೆ ಎಲ್ಲರ ಇಂಟರ್ನೆಟ್ ಹಾದುಹೋಗುವ ನಡುವಿನ ಮೆಷಿನ್. ಮತ್ತೊಂದು ಕಡೆ ಆಂಟಿವೈರಸ್ ಫೈಲುಗಳನ್ನು ಇಳಿಸಿಕೊಳ್ಳುವ ಹಳೇ ಪಿಸಿ. ಮೊನ್ನೆ ಒಂದು ಕೊಟೇಶನ್ನಿನಲ್ಲಿ ಹಾರ್ಡ್‌ಡಿಸ್ಕ್ ತುಂಬಿದ ಸ್ಟೋರೇಜ್ ಡಬ್ಬಿಗೇ ಈ ಹೆಸರು ಬರೆದಿದ್ದರು. ಹೆಸರಿಗೋಸ್ಕರ ಇಷ್ಟು ತಕರಾರು ಬೇಕಾ ಎಂದು ಕೇಳಬಹುದು. ಬೇಕು. ಈ ಹೆಸರು ನಂಬಿಕೊಂಡು, ಹೊಸದಾಗಿ ತಂದ ಕಂಪ್ಯೂಟರುಗಳೆಲ್ಲ ಅಪ್‌ಡೇಟ್ ಆಗುತ್ತಿವೆ ಎಂದು ನೆಮ್ಮದಿಯಾಗಿರುವವರು ಬಹಳ ಜನ ಇದ್ದಾರೆ. ಅಲ್ಲಿ ಏನೂ ಆಗುತ್ತಿರುವುದಿಲ್ಲ.

ಗೊಂದಲ ಹುಟ್ಟುವುದು ಇಂಟರ್ನೆಟ್ ಉಳಿತಾಯದಿಂದ. ಲ್ಯಾಬಿನಲ್ಲಿ 60 ಕಂಪ್ಯೂಟರು ಇವೆ, ತಿಂಗಳ ಅಪ್‌ಡೇಟ್ 1 ಜಿಬಿ ಎಂದಿಟ್ಟುಕೊಳ್ಳಿ. ಮೈಕ್ರೋಸಾಫ್ಟ್ ಅದನ್ನು ಬಿಡುವುದು ತಿಂಗಳ ಎರಡನೇ ಮಂಗಳವಾರ, ನಮ್ಮ ಲೆಕ್ಕಕ್ಕೆ ಆ ರಾತ್ರಿ. ಬುಧವಾರ ಬೆಳಗ್ಗೆ ಲ್ಯಾಬ್ ತೆರೆದ ಕೂಡಲೇ ಅರವತ್ತೂ ಒಟ್ಟಿಗೆ ಎಳೆಯಲು ಶುರು ಮಾಡುತ್ತವೆ. 100 ಎಂಬಿಪಿಎಸ್ ಲೈನು ಪೂರ್ತಿ ವೇಗದಲ್ಲಿ ಓಡಿದರೂ 80 ನಿಮಿಷ ಬೇರೆ ಯಾವ ಕೆಲಸವೂ ಸಾಗದು. ಒಂದೇ ಸಲ ಇಳಿಸಿಕೊಂಡು ಒಳಗೇ ಹಂಚಿದರೆ ಲೈನಿನ ಮೇಲಿನ ಭಾರ 80 ಸೆಕೆಂಡು. ಈ ಲಾಭ ಕಣ್ಣಿಗೆ ಕಾಣುತ್ತದೆ. ಹಾಗಾಗಿ ‘ಒಳಗೇ ಹಂಚುವುದು ಯಾವುದೋ ಅದೇ ಅಪ್‌ಡೇಟ್ ಸರ್ವರ್’ ಎಂದು ಜನ ತೀರ್ಮಾನಿಸಿಬಿಟ್ಟಿದ್ದಾರೆ.

ಆದರೆ ಹಂಚುವ ಕೆಲಸ ಕ್ಯಾಶ್, ಅಂದರೆ ಒಮ್ಮೆ ಇಳಿಸಿದ್ದನ್ನು ಇಟ್ಟುಕೊಂಡು ಮತ್ತೆ ಕೊಡುವ ದಾಸ್ತಾನು, ಕೂಡ ಮಾಡುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ‘ಡೆಲಿವರಿ ಆಪ್ಟಿಮೈಸೇಶನ್’ ಎಂಬ ವ್ಯವಸ್ಥೆ ಇದೆ. ಪಕ್ಕದ ಮೆಷಿನ್ ಆಗಲೇ ಇಳಿಸಿಕೊಂಡಿದ್ದರೆ ಅದರಿಂದಲೇ ತುಂಡು ತುಂಡಾಗಿ ಎಳೆದುಕೊಳ್ಳುತ್ತದೆ, ಸರ್ವರೇ ಬೇಡ. ಆ್ಯಪಲ್‌ನವರ ‘ಕಂಟೆಂಟ್ ಕ್ಯಾಶಿಂಗ್’ 2017ರ ಹೈ ಸಿಯೆರಾದಿಂದ ಮ್ಯಾಕ್‌ನೊಳಗೇ ಬಂದಿದೆ. ಇವೆರಡೂ ಬೈಟುಗಳನ್ನು ಉಳಿಸುತ್ತವೆ. ಯಾವ ಅಪ್‌ಡೇಟ್ ಹೋಗಬೇಕು, ಯಾವುದನ್ನು ಪರೀಕ್ಷೆ ಮುಗಿಯುವವರೆಗೆ ತಡೆಯಬೇಕು ಎಂದು ನಿಮ್ಮನ್ನು ಕೇಳುವುದಿಲ್ಲ.

ಅಪ್‌ಡೇಟ್ ಸರ್ವರ್‌ನ ಅಸಲು ಕೆಲಸ ಇರುವುದು ಅಲ್ಲಿ. ಅದರ ಬಳಿ ಫೈಲಿಗಿಂತ ಮೊದಲು ಒಂದು ಪಟ್ಟಿ ಇರುತ್ತದೆ. ಯಾವ ಅಪ್‌ಡೇಟ್ ಯಾವ ವಿಂಡೋಸ್‌ಗೆ, ಅದಕ್ಕೆ ಮುಂಚೆ ಏನು ಹಾಕಿರಬೇಕು ಎಂಬ ನಿಯಮಗಳ ಪಟ್ಟಿ. ಕ್ಲೈಂಟ್, ಅಂದರೆ ಅಪ್‌ಡೇಟ್ ಆಗಬೇಕಾದ ಕಂಪ್ಯೂಟರು, ಆ ಪಟ್ಟಿ ತೆಗೆದುಕೊಂಡು ತನ್ನನ್ನು ತಾನೇ ಪರೀಕ್ಷಿಸಿಕೊಂಡು, ತನಗೆ ಬೇಕಾದದ್ದು ಇವು ಎಂದು ವರದಿ ಕೊಡುತ್ತದೆ. ನೋಡಿಕೊಳ್ಳುವವರು ಒಪ್ಪಿಗೆ ಕೊಟ್ಟದ್ದು ಮಾತ್ರ ಆಮೇಲೆ ಇಳಿಯುತ್ತದೆ. ಪಡಿತರದ ಗೋದಾಮಿಗೂ ನ್ಯಾಯಬೆಲೆ ಅಂಗಡಿಗೂ ಇರುವ ಫರಕು ಇದೇ. ಗೋದಾಮಿಗೆ ಮೂಟೆ ಗೊತ್ತು, ಕಾರ್ಡು ಗೊತ್ತಿಲ್ಲ. ಅಂಗಡಿ ಕಾರ್ಡು ನೋಡಿ ಕೊಡುತ್ತದೆ.

ಇನ್ನೊಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: ‘ಸರ್ವರ್ ಪುಶ್ ಮಾಡುತ್ತೆ.’ ಮಾಡುವುದಿಲ್ಲ. ಕ್ಲೈಂಟೇ ಬಂದು ಕೇಳಬೇಕು. ವಿಂಡೋಸ್‌ನಲ್ಲಿ ನೀವೇನೂ ಬದಲಿಸದಿದ್ದರೆ ಸುಮಾರು 22 ಗಂಟೆಗೊಮ್ಮೆ ಕೇಳುತ್ತದೆ. ಇವತ್ತು ಒಪ್ಪಿಗೆ ಒತ್ತಿ ಹತ್ತು ನಿಮಿಷಕ್ಕೆ ‘ಸರ್ವರ್ ಕೆಟ್ಟಿದೆ’ ಎನ್ನುವುದು ಬೇಡ. ಬೇಗ ಕೇಳಿಸಬೇಕೆಂದು ಹಳೇ ಕೈಪಿಡಿಯ ‘ವೂಆಕ್ಲ್ಟ್ ಡಿಟೆಕ್ಟ್‌ನೌ’ ಆಜ್ಞೆ ಕೊಡುವವರೂ ಇದ್ದಾರೆ. ವಿಂಡೋಸ್ 7ರಲ್ಲಿ ಅದು ಕೆಲಸ ಮಾಡುತ್ತಿತ್ತು. 10 ಮತ್ತು 11ರಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತುವುದೇ ಒಳ್ಳೆಯದು.

ಕ್ಯಾಶ್‌ಗೂ ಅಪ್‌ಡೇಟ್ ಸರ್ವರ್‌ಗೂ ವ್ಯತ್ಯಾಸ ನಿಜವಾಗಿ ಗೊತ್ತಾಗುವುದು ಹೊಸ ಕಂಪ್ಯೂಟರು ಬಂದಾಗ. ಕ್ಯಾಶ್‌ಗೆ ಕ್ಲೈಂಟ್ ಹೊಸದಾದರೇನು, ಹಳೆಯದಾದರೇನು. ಅಪ್‌ಡೇಟ್ ಸರ್ವರ್ ಮಾತ್ರ ಹೊಸಬರನ್ನು ಗುರುತು ಹಿಡಿಯಲೇಬೇಕು. ವಿಂಡೋಸ್‌ಗೆ ಮೈಕ್ರೋಸಾಫ್ಟೇ ಕೊಡುವ ಅಪ್‌ಡೇಟ್ ಸರ್ವರ್ ಡಬ್ಲ್ಯೂಸಸ್ (WSUS) ಬಂದದ್ದು 2005ರಲ್ಲಿ. 2015ರಲ್ಲಿ ವಿಂಡೋಸ್ 10 ಬಂದಾಗ ಅಂದಿನ ಸರ್ವರುಗಳು ಅದನ್ನು ಕನ್ಸೋಲ್‌ನಲ್ಲಿ, ಅಂದರೆ ನೋಡಿಕೊಳ್ಳುವವರ ಪರದೆಯಲ್ಲಿ, ‘ವಿಂಡೋಸ್ ವಿಸ್ಟಾ’ ಎಂದು ತೋರಿಸುತ್ತಿದ್ದವು! ವಿಂಡೋಸ್ ಸರ್ವರ್ 2012 ಮತ್ತು 2012 ಆರ್2ಗೆ ಕೆಬಿ 3095113 ಎಂಬ ತಿದ್ದುಪಡಿ ಹಾಕಿದ ಮೇಲೆ ಹೊಸ ಆವೃತ್ತಿಯ ದೊಡ್ಡ ಅಪ್‌ಡೇಟುಗಳನ್ನು ಹಂಚಲು ಬಂತು. ಇದೇ ಕೆಲಸಕ್ಕೆ 2016ರಲ್ಲಿ ಕೆಬಿ 3159706 ಬಂತು. ಅದನ್ನು ಹಾಕಿದರಷ್ಟೇ ಸಾಲದು, ಆಮೇಲೆ ಕೈಯಾರೆ ಪೋಸ್ಟ್‌ಇನ್‌ಸ್ಟಾಲ್ ಆಜ್ಞೆ ಓಡಿಸಿ, ‘ಎಚ್‌ಟಿಟಿಪಿ ಆ್ಯಕ್ಟಿವೇಶನ್’ ಆನ್ ಮಾಡಬೇಕಿತ್ತು. ಸರ್ವರ್ 2012ಕ್ಕಿಂತ ಹಳೆಯ ಡಬ್ಲ್ಯೂಸಸ್ 3.0 ಆ ದೊಡ್ಡ ಅಪ್‌ಡೇಟುಗಳನ್ನು ಕೊಡಲಾರದು. ಅದನ್ನು ಇಟ್ಟುಕೊಂಡು ವಿಂಡೋಸ್ 11ರ ಲ್ಯಾಬ್ ನಡೆಸುತ್ತೇವೆ ಎನ್ನುವವರಿಗೆ ಒಂದೇ ಉತ್ತರ: ಸರ್ವರ್ ಬದಲಿಸಿ.

ಸರ್ವರ್ ಹೊಸದಾಗಿದ್ದರೂ ಒಂದು ಮೋಸ ಉಳಿಯುತ್ತದೆ. ಇದೇ ನನಗೆ ಜಾಸ್ತಿ ಸಂಕಟದ್ದು. ಡಬ್ಲ್ಯೂಸಸ್‌ನಲ್ಲಿ ಯಾವ ಯಾವ ಉತ್ಪನ್ನದ ಪಟ್ಟಿ ಬೇಕು ಎಂದು ಟಿಕ್ ಹಾಕಬೇಕು. ‘ವಿಂಡೋಸ್ 10’ ಬೇರೆ ಟಿಕ್. ‘ವಿಂಡೋಸ್ 10, 1903 ಮತ್ತು ನಂತರದ್ದು’ ಬೇರೆ ಟಿಕ್. ‘ವಿಂಡೋಸ್ 11’ ಮೂರನೆಯದು. ಮೂರನೆಯದಕ್ಕೆ ಟಿಕ್ ಹಾಕಿಲ್ಲ ಎಂದುಕೊಳ್ಳಿ. ಹೊಸ ಕಂಪ್ಯೂಟರು ಬಂದು ಕೇಳುತ್ತದೆ. ಪಟ್ಟಿಯಲ್ಲಿ ಅದಕ್ಕೆ ಹೊಂದುವ ವಿಂಡೋಸ್ ಅಪ್‌ಡೇಟ್ ಒಂದೂ ಇಲ್ಲ. ಹಾಗಾಗಿ ‘ನನಗೇನೂ ಬೇಕಿಲ್ಲ’ ಎಂದು ವರದಿ ಕೊಡುತ್ತದೆ. ಕನ್ಸೋಲ್‌ನಲ್ಲಿ 100 ಪರ್ಸೆಂಟ್, ಹಸಿರು ಗುರುತು. ವರ್ಷಗಟ್ಟಲೆ ಒಂದೂ ಸೆಕ್ಯುರಿಟಿ ಅಪ್‌ಡೇಟ್ ಕಾಣದ ಮೆಷಿನ್ನಿಗೂ ಅದೇ ಹಸಿರು. ಆ ಪರ್ಸೆಂಟನ್ನು ಪ್ರಿಂಟ್ ತೆಗೆದು ಫೈಲಿಗೆ ಸೇರಿಸುತ್ತಾರಲ್ಲ, ದಯವಿಟ್ಟು ಮೊದಲು ಒಂದು ಹೊಸ ಮೆಷಿನ್ನಿನ ಮುಂದೆ ಕೂತು, ವಿಂಡೋಸ್ ಯಾವ ಅಪ್‌ಡೇಟ್‌ವರೆಗೆ ಬಂದಿದೆ ಎಂದು ಹೇಳುವ ಬಿಲ್ಡ್ ನಂಬರ್ ನೋಡಿ.

ಉಬುಂಟು ಲ್ಯಾಬಿನವರಿಗೆ ಈ ಕಾಟ ಕಡಿಮೆ. ಅಲ್ಲಿ ಇಡುವುದು ಮಿರರ್, ಅಂದರೆ ಮೂಲ ಭಂಡಾರದ ನಕಲು. ನಕಲಿನಲ್ಲಿ 22.04 ಆವೃತ್ತಿ ಮಾತ್ರ ಇದ್ದು 24.04ರ ಮೆಷಿನ್ ಬಂದು ಕೇಳಿದರೆ, ರಿಲೀಸ್ ಫೈಲೇ ಇಲ್ಲ ಎಂದು ಉಬುಂಟುವಿನಲ್ಲಿ ಅಪ್‌ಡೇಟ್ ತರುವ ‘ಆ್ಯಪ್ಟ್’ ಅಲ್ಲೇ ಎರರ್ ಕೊಡುತ್ತದೆ. ಗಟ್ಟಿಯಾಗಿ ಕೂಗುವ ತಪ್ಪನ್ನು ಸರಿಮಾಡುವುದು ಸುಲಭ ಅಲ್ವಾ. ಮ್ಯಾಕ್‌ನಲ್ಲಿ ಈ ಚರ್ಚೆಯೇ ಮುಗಿದಿದೆ. 2020ರ ಬಿಗ್ ಸರ್‌ನಿಂದ ಒಳಗಿನ ಸರ್ವರ್‌ನ ಪಟ್ಟಿ ತೋರಿಸುವ ದಾರಿಯನ್ನೇ ತೆಗೆದಿದ್ದಾರೆ. ಮ್ಯಾಕ್‌ಗೆ ಇಡುವ ಸರ್ವರ್ ಕ್ಯಾಶ್ ಮಾತ್ರ ಆಗಬಲ್ಲದು.

ಮತ್ತೆ ವಿಂಡೋಸ್‌ಗೆ. ಟಿಕ್ ಹಾಕಿ, ಒಪ್ಪಿಗೆ ಕೊಟ್ಟ ಮೇಲೂ ವಿಂಡೋಸ್ 11ರ 22ಎಚ್2 ಮತ್ತು ಅದರಿಂದೀಚಿನ ಮೆಷಿನ್ನುಗಳು ಡೌನ್‌ಲೋಡ್‌ನಲ್ಲಿ ಎಡವಬಹುದು. 2023ರ ಮಾರ್ಚ್ ಕೊನೆಯಿಂದ ಅವುಗಳ ಅಪ್‌ಡೇಟುಗಳು ಬೇರೆ ರೀತಿಯ ಕಟ್ಟಿನಲ್ಲಿ ಬರುತ್ತಿವೆ. ಡಾಟ್ ಎಂಎಸ್‌ಯು, ಡಾಟ್ ವಿಮ್ ಎಂಬ ಫೈಲ್ ಬಗೆಗಳನ್ನು ಡಬ್ಲ್ಯೂಸಸ್ ಬಳಸುವ ವೆಬ್ ಸರ್ವರ್ ಐಐಎಸ್‌ಗೆ ಹೇಳಿಕೊಟ್ಟಿರದಿದ್ದರೆ, ಡಿಸ್ಕಿನಲ್ಲಿ ಫೈಲ್ ಇದ್ದರೂ ಅದು 404, ಅಂದರೆ ‘ಸಿಗಲಿಲ್ಲ’, ಎನ್ನುತ್ತದೆ. ಹೊಸ ಕ್ಲೈಂಟುಗಳಿಗೆ ಬೇಕಾದ ನಿಯಮಗಳ ಪಟ್ಟಿಯೂ ದೊಡ್ಡದು. ಐಐಎಸ್‌ನೊಳಗೆ ಡಬ್ಲ್ಯೂಸಸ್ ಓಡುವ ಭಾಗಕ್ಕೆ, ಅಂದರೆ ಡಬ್ಲ್ಯೂಸಸ್ ಪೂಲ್‌ಗೆ, ಮೊದಲೇ ಇಟ್ಟಿರುವ ಮೆಮೊರಿ ಮಿತಿ ಸುಮಾರು 1.8 ಜಿಬಿ. ಎಲ್ಲರೂ ಒಟ್ಟಿಗೆ ಕೇಳಿದಾಗ ಪೂಲ್ ಬಿದ್ದುಹೋಗಿ, ಕ್ಲೈಂಟಿನಲ್ಲಿ 0ಎಕ್ಸ್80244022 ಎಂಬ ಎರರ್ ಬರುತ್ತದೆ. ರ್‍ಯಾಮ್ ಇದ್ದರೆ ಮಿತಿಯನ್ನು 4 ಜಿಬಿಗೆ ಏರಿಸಿ.

ಲ್ಯಾಬಿನವರು ನೋಡಬೇಕಾದದ್ದು ಇನ್ನೊಂದಿದೆ. ಒಂದು ಮೆಷಿನ್ ತಯಾರು ಮಾಡಿ ಉಳಿದದ್ದಕ್ಕೆಲ್ಲ ಕ್ಲೋನ್ ಹೊಡೆದಿರುತ್ತೀರಿ. ಜೊತೆಗೆ ಡಬ್ಲ್ಯೂಸಸ್ ಆ ಮೆಷಿನ್ನನ್ನು ಗುರುತು ಹಿಡಿಯುವ ಸಸ್ ಕ್ಲೈಂಟ್ ಐಡಿಯೂ ನಕಲಾಗಿರುತ್ತದೆ. ಆಗ ಅಷ್ಟೂ ಮೆಷಿನ್ನುಗಳು ಕನ್ಸೋಲ್‌ನಲ್ಲಿ ಒಂದೇ ಸಾಲಾಗಿ, ಹೆಸರು ಬದಲಿಸುತ್ತಾ ಕಾಣುತ್ತವೆ. ಕ್ಲೋನ್ ಮಾಡುವ ಮುಂಚೆ ರಿಜಿಸ್ಟ್ರಿಯಿಂದ ಆ ಐಡಿ ಅಳಿಸಬೇಕು.

ಹಾಗಾದರೆ ಇದೆಲ್ಲ ಎಲ್ಲರಿಗೂ ಬೇಕಾ? ಹತ್ತು ಮೆಷಿನ್ ಇರುವ ಆಫೀಸಿಗೆ ಬೇಡ. ಡೆಲಿವರಿ ಆಪ್ಟಿಮೈಸೇಶನ್ ಸಾಕು, ಅದನ್ನು ಕ್ಯಾಶ್ ಎಂದೇ ಕರೆಯಿರಿ. ಪರೀಕ್ಷೆ ದಿನ ಮೆಷಿನ್ ರೀಸ್ಟಾರ್ಟ್ ಆಗಬಾರದು, ಕಾರ್ಖಾನೆಯ ಹಳೇ ಸಾಫ್ಟ್‌ವೇರ್ ಕೆಡಬಾರದು ಎನ್ನುವ ಕಡೆ ಒಪ್ಪಿಗೆಯ ಅಧಿಕಾರ ಕೈಯಲ್ಲಿರಬೇಕು. ಅಲ್ಲಿ ಅಪ್‌ಡೇಟ್ ಸರ್ವರ್ ಬೇಕು. ಡಬ್ಲ್ಯೂಸಸ್‌ಗೆ ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಆದರೂ ಸರ್ವರ್ 2025ರಲ್ಲಿ ಅದು ಇದೆ, ಕೆಲಸವೂ ಮಾಡುತ್ತದೆ. ಅದರಲ್ಲೇ ಒಂದು ದೊಡ್ಡ ಭದ್ರತಾ ದೋಷ ಸಿಕ್ಕಿ, 2025ರ ಅಕ್ಟೋಬರ್ 23ರಂದು ತುರ್ತು ತಿದ್ದುಪಡಿ ಬಂತು. ನಿಮ್ಮ ಸರ್ವರ್‌ಗೆ ಅದನ್ನು ಹಾಕಿದ್ದೀರಾ ನೋಡಿ. ಡಬ್ಲ್ಯೂಸಸ್ ಬಳಸುವ 8530, 8531 ಪೋರ್ಟುಗಳು ಹೊರಗಿನ ಇಂಟರ್ನೆಟ್‌ಗೆ ತೆರೆದಿದ್ದರೆ ಇವತ್ತೇ ಮುಚ್ಚಿ.