ಶ್ರೀಲಂಕಾದ ಯುದ್ಧ ಹುಟ್ಟಿದ್ದು ಚಹಾ ತೋಟದಲ್ಲಲ್ಲ

ಪ್ರಶ್ನೆ: ಚಹಾ ತೋಟದ ಕೂಲಿಗೆಂದು ಬ್ರಿಟಿಷರು ತಮಿಳುನಾಡಿನಿಂದ ಕರೆದೊಯ್ದ ಜನ ಆಮೇಲೆ ಅಲ್ಲೇ ಪ್ರತ್ಯೇಕ ದೇಶ ಕೇಳಿದ್ದರಿಂದ ತಾನೇ ಶ್ರೀಲಂಕಾದಲ್ಲಿ ಅಂತರ್ಯುದ್ಧ ನಡೆದದ್ದು?

ಉತ್ತರ: ಅಲ್ಲ. ಎಷ್ಟು ಸಲ ‘ಅಲ್ಲ’ ಎಂದರೂ ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಬಾಗಿಲಿಗೆ ಬರುತ್ತದೆ. ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದ ಎಲ್‌ಟಿಟಿಇ ಯಾರು, ಅದು ರಾಜೀವ್ ಗಾಂಧಿಯವರನ್ನು ಕೊಂದ ಶ್ರೀಪೆರಂಬದೂರಿನಲ್ಲಿ 1991ರ ಮೇ 21ರಂದು ಏನಾಯಿತು ಎಂದು ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ಆ ಹತ್ಯೆಯ ಸೂತ್ರಧಾರ ಶಿವರಾಸನ್ ಮತ್ತು ಸಂಗಡಿಗರು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಸತ್ತದ್ದು ನೆನಪಿರುವವರು ಇನ್ನೂ ಎಷ್ಟೋ ಮಂದಿ ಇದ್ದಾರೆ. ಆದರೆ ಆ ಹೋರಾಟ ಯಾವ ತಮಿಳರದ್ದು ಎಂಬಲ್ಲೇ ಎಡವಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

‘ಯಾವ ತಮಿಳರು’ ಎಂದು ಕೇಳಲೇಬೇಕು. ಶ್ರೀಲಂಕಾದ ಜನಗಣತಿಯೇ ಅವರನ್ನು ಎರಡು ಸಾಲಿನಲ್ಲಿ ಬರೆಯುತ್ತದೆ. 1981ರ ಗಣತಿಯಲ್ಲಿ ಸಿಂಹಳೀಯರು ಸುಮಾರು ಶೇ 74, ‘ಶ್ರೀಲಂಕಾ ತಮಿಳರು’ ಶೇ 12ಕ್ಕಿಂತ ತುಸು ಹೆಚ್ಚು, ‘ಭಾರತೀಯ ತಮಿಳರು’ ಶೇ 5ಕ್ಕಿಂತ ತುಸು ಹೆಚ್ಚು. ಇವರಲ್ಲದೆ ಸುಮಾರು ಶೇ 7ರಷ್ಟು ಮುಸ್ಲಿಮರಿದ್ದರು. ಅವರಲ್ಲೂ ಬಹುಪಾಲು ಜನರ ಮನೆಮಾತು ತಮಿಳೇ.

ಮೊದಲ ಸಾಲಿನವರು ಉತ್ತರದ ಜಾಫ್ನಾ, ವನ್ನಿ ಮತ್ತು ಪೂರ್ವ ಕರಾವಳಿಯ ಟ್ರಿಂಕೋಮಲಿ, ಬಟ್ಟಿಕಲೋವಾ ಕಡೆಯವರು. ಜಾಫ್ನಾದಲ್ಲಿ 13ನೇ ಶತಮಾನದಿಂದ ಆರ್ಯಚಕ್ರವರ್ತಿಗಳ ರಾಜ್ಯವಿತ್ತು. ಪೋರ್ಚುಗೀಸರು ಅದನ್ನು ನುಂಗಿದ್ದು 1619ರಲ್ಲಿ. ಆಮೇಲೆ ಬಂದ ಡಚ್ಚರು ಅಲ್ಲಿನ ತಮಿಳರ ಆಸ್ತಿ, ಸ್ತ್ರೀಧನ, ಒತ್ತೆಗಳ ಕಟ್ಟಳೆಯನ್ನು 1707ರಲ್ಲಿ ಬರೆಸಿಟ್ಟರು. ಅದರ ಹೆಸರು ‘ತೇಸವಳಮೈ’, ಅಂದರೆ ನಾಡಿನ ವಾಡಿಕೆ. ಜಂಟಿ ಜಮೀನಿನಲ್ಲಿ ತನ್ನ ಪಾಲು ಮಾರುವವನು ಮೊದಲು ಸಹಪಾಲುದಾರರಿಗೆ ತಿಳಿಸಬೇಕು ಎಂಬ ನಿಯಮ ಅಲ್ಲಿ ಇಂದಿಗೂ ಜೀವಂತ. ಇನ್ನು ಸಿಲೋನಿನಲ್ಲಿ (ಶ್ರೀಲಂಕಾದ ಹಳೆಯ ಹೆಸರು) ಚಹಾವನ್ನು ವ್ಯಾಪಾರಕ್ಕೆಂದು ಮೊದಲು ನೆಟ್ಟದ್ದು 1867ರಲ್ಲಿ, ಕ್ಯಾಂಡಿ ಬಳಿಯ ಲೂಲ್‌ಕಂದೂರದಲ್ಲಿ, 19 ಎಕರೆಗೆ. ನೆಟ್ಟವನು ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು. ಆಸ್ತಿಯ ಕಟ್ಟಳೆ ಬರೆಸಿಕೊಂಡು 160 ವರ್ಷವಾದ ಮೇಲೆ ಬಂದ ಗಿಡಕ್ಕೆ ಆ ಜನ ಕೂಲಿಗಳಾಗಿ ಬಂದರು ಎನ್ನುವುದು ಹೇಗೆ?

ಎರಡನೇ ಸಾಲಿನವರು ಮಧ್ಯದ ಬೆಟ್ಟಸೀಮೆಯವರು. ನುವಾರ ಎಲಿಯಾ, ಹಟ್ಟನ್, ಬದುಲ್ಲ ಅವರ ಊರುಗಳು. ಇವರ ಹಿರಿಯರು ಮೊದಲು ಬಂದದ್ದೂ ಚಹಾಕ್ಕಲ್ಲ, 1830ರ ದಶಕದಿಂದ ಕಾಫಿಗೆ. ಕಾಫಿ ಕೊಯ್ಲಿಗೆ ಕೆಲವೇ ತಿಂಗಳ ಆಳು ಸಾಕು. ಕೊಯ್ಲು ಮುಗಿಸಿ ಊರಿಗೆ ಮರಳುತ್ತಿದ್ದರು. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಕಾಫಿಯನ್ನು ತಿಂದುಹಾಕಿತು. ಚಹಾಕ್ಕೆ ಹಾಗಲ್ಲ, ವರ್ಷವಿಡೀ ಚಿಗುರು ಚಿವುಟಬೇಕು. ಹಾಗಾಗಿ ಸಂಸಾರ ಸಮೇತ ಎಸ್ಟೇಟಿನ ಸಾಲು ಕೋಣೆಗಳಾದ ಲೈನ್ ಮನೆಗಳಲ್ಲಿ ನೆಲೆ ನಿಂತರು. ಕರೆತರುತ್ತಿದ್ದ ಕಂಗಾಣಿ ಮುಂಗಡ ಕೊಟ್ಟು ಸಾಲದ ಲೆಕ್ಕ ಇಡುತ್ತಿದ್ದ. ಎಸ್ಟೇಟಿನಿಂದ ಎಸ್ಟೇಟಿಗೆ ಹೋಗಬೇಕಾದರೆ ಸಾಲದ ಮೊತ್ತ ಬರೆದ ಚೀಟಿ ಬೇಕಿತ್ತು. ಅದಕ್ಕೆ ‘ತುಂಡು’ ಎನ್ನುತ್ತಿದ್ದರು. ಕೊಡಗು, ಚಿಕ್ಕಮಗಳೂರಿನ ತೋಟ ಕಂಡವರಿಗೆ ಲೈನ್ ಮನೆಯನ್ನು ವರ್ಣಿಸಿ ಹೇಳಬೇಕಿಲ್ಲ.

ಈಗ ನಕ್ಷೆ ನೋಡಿ. ಎಲ್‌ಟಿಟಿಇ ಕೇಳಿದ ಪ್ರತ್ಯೇಕ ದೇಶ ‘ಈಳಂ’ ಉತ್ತರ ಮತ್ತು ಪೂರ್ವ ಪ್ರಾಂತಗಳದ್ದು. ಚಹಾ ಬೆಟ್ಟಗಳು ಅದರಲ್ಲಿಲ್ಲ. 1976ರಲ್ಲಿ ವಟ್ಟುಕ್ಕೋಟ್ಟೈಯಲ್ಲಿ ಪ್ರತ್ಯೇಕ ರಾಷ್ಟ್ರದ ಠರಾವು ಆದಾಗ ತೋಟ ಕಾರ್ಮಿಕರ ನಾಯಕ ತೊಂಡಮಾನ್ ಅದರಿಂದ ದೂರ ನಿಂತರು. 1978ರಲ್ಲಿ ಅಧ್ಯಕ್ಷ ಜಯವರ್ಧನೆಯವರ ಮಂತ್ರಿಮಂಡಲವನ್ನೇ ಸೇರಿದರು. ಕೂಲಿಗಳು ದೇಶ ಕೇಳಿದರು ಎನ್ನುವವರು ಈ ಮಂತ್ರಿಗಿರಿಗೆ ಏನು ಹೇಳುತ್ತಾರೋ ಕಾಣೆ. ಒಂದು ತಿದ್ದುಪಡಿ ಮಾತ್ರ ಒಪ್ಪಬೇಕು. 1977ರ ಗಲಭೆಯಲ್ಲಿ ಏಟು ತಿಂದ ತೋಟದ ಸಂಸಾರಗಳು ವವುನಿಯಾ, ಕಿಲಿನೊಚ್ಚಿ ಕಡೆಗೆ ಓಡಿ ನೆಲೆಸಿದವು. ಹೀಗಾಗಿ ಯುದ್ಧದ ಕೊನೆಗೆ ವನ್ನಿಯಲ್ಲಿ ಸಿಕ್ಕಿಬಿದ್ದವರಲ್ಲಿ ಬೆಟ್ಟಸೀಮೆ ಮೂಲದವರೂ ಇದ್ದರು. ಅವರು ಯುದ್ಧಕ್ಕೆ ಸಿಕ್ಕಿದವರು, ಯುದ್ಧ ಹುಟ್ಟಿಸಿದವರಲ್ಲ.

ಹಾಗಾದರೆ ಕಾರಣವೇನು? ಭಾಷೆ, ಸೀಟು, ನೌಕರಿ, ಮತ್ತು ಕೊಟ್ಟು ಕಿತ್ತುಕೊಂಡ ಮಾತು. ಜಾಫ್ನಾ ಪರ್ಯಾಯದ್ವೀಪ ಸುಣ್ಣಕಲ್ಲಿನ ನೆಲ. ನದಿಯಿಲ್ಲ, ಬಾವಿ ನೀರಿನಲ್ಲಿ ಹೊಗೆಸೊಪ್ಪು, ಈರುಳ್ಳಿ, ಸುತ್ತ ತಾಳೆಮರ. ಅಮೆರಿಕನ್ ಮಿಷನರಿಗಳು 1820ರ ದಶಕದಿಂದ ಅಲ್ಲಿ ಇಂಗ್ಲಿಷ್ ಶಾಲೆ ನಡೆಸಿದರು. ಹೊಲ ಸಾಲದವರ ಮಕ್ಕಳು ಓದಿ ಸರ್ಕಾರಿ ಕುರ್ಚಿ ಹಿಡಿದರು. ಆ ಕುರ್ಚಿಗಳೇ ಮುಂದೆ ಕಣ್ಣು ಕುಕ್ಕಿದವು.

1956ರ ಜೂನ್‌ನಲ್ಲಿ ಪ್ರಧಾನಿ ಬಂಡಾರನಾಯಕೆಯವರ ಸರ್ಕಾರ ಸಿಂಹಳವೊಂದೇ ಆಡಳಿತ ಭಾಷೆ ಎಂದು ಕಾನೂನು ಮಾಡಿತು. ಅದೇ ವರ್ಷ ನವೆಂಬರ್ 1ಕ್ಕೆ ನಮ್ಮಲ್ಲಿ ಭಾಷಾವಾರು ರಾಜ್ಯಗಳು ಬಂದವು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ತಮಿಳು ಗುಮಾಸ್ತನಿಗೆ ಇನ್ನು ಬಡ್ತಿ ಬೇಕಾದರೆ ಸಿಂಹಳ ಪರೀಕ್ಷೆ ಪಾಸಾಗಬೇಕಿತ್ತು. ಸಿಟ್ಟಿನ ನಡುವೆಯೂ 1957ರ ಜುಲೈನಲ್ಲಿ ಬಂಡಾರನಾಯಕೆ ಮತ್ತು ತಮಿಳರ ಫೆಡರಲ್ ಪಕ್ಷದ ನಾಯಕ ಚೆಲ್ವನಾಯಗಂ ಕೂತು ಪ್ರಾದೇಶಿಕ ಮಂಡಳಿಗಳ ಒಪ್ಪಂದ ಮಾಡಿಕೊಂಡರು. ಅಷ್ಟರಲ್ಲಿ ವಾಹನಗಳ ನಂಬರ್ ಪ್ಲೇಟಿನ ಮೇಲೆ ಸಿಂಹಳದ ‘ಶ್ರೀ’ ಅಕ್ಷರ ಕಡ್ಡಾಯವಾಯಿತು. ಉತ್ತರದಲ್ಲಿ ತಮಿಳರು ಆ ಅಕ್ಷರಕ್ಕೆ ಡಾಂಬರು ಬಳಿದರು. ಕೊಲಂಬೊದಲ್ಲಿ ಅದೇ ಡಾಂಬರು ತಮಿಳು ಬೋರ್ಡುಗಳ ಮೇಲೆ ಹರಿಯಿತು. 1958ರ ಏಪ್ರಿಲ್‌ನಲ್ಲಿ ಬೌದ್ಧ ಭಿಕ್ಕುಗಳು ಪ್ರಧಾನಿಯ ಮನೆ ಮುಂದೆ ಧರಣಿ ಕೂತರು, ಒಪ್ಪಂದ ರದ್ದಾಯಿತು, ಮೇ ತಿಂಗಳಲ್ಲಿ ಗಲಭೆ. 1965ರಲ್ಲಿ ಇನ್ನೊಂದು ಒಪ್ಪಂದ, ಅದಕ್ಕೂ ಅದೇ ಗತಿ.

1970ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ‘ಸ್ಟ್ಯಾಂಡರ್ಡೈಸೇಷನ್’ ಬಂತು. ಮೆಡಿಕಲ್ ಸೀಟಿಗೆ ತಮಿಳು ಮಾಧ್ಯಮದ ಹುಡುಗನಿಗೆ 250 ಅಂಕ ಬೇಕು, ಸಿಂಹಳ ಮಾಧ್ಯಮದವನಿಗೆ 229 ಸಾಕು. ಮುಂದೆ ಜಿಲ್ಲಾವಾರು ಕೋಟಾವೂ ಸೇರಿತು. ಹಿಂದುಳಿದ ಸಿಂಹಳ ಹಳ್ಳಿಗಳಿಗೆ ಅನುಕೂಲವಾಗಲಿ ಎಂಬ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ವಿಜ್ಞಾನ ಸೀಟುಗಳಲ್ಲಿ ತಮಿಳರ ಪಾಲು ಐದೇ ವರ್ಷದಲ್ಲಿ ಸುಮಾರು ಶೇ 35ರಿಂದ 20ರ ಆಸುಪಾಸಿಗೆ ಇಳಿಯಿತು. ಜಾಫ್ನಾದ ಮೊದಲ ತಲೆಮಾರಿನ ಬಂದೂಕುಧಾರಿಗಳಲ್ಲಿ ವಿದ್ಯಾರ್ಥಿಗಳೇ ಏಕೆ ತುಂಬಿದ್ದರು ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಿಲ್ಲ. 1981ರ ಜೂನ್ 1ರ ನಸುಕಿಗೆ ಜಾಫ್ನಾ ಗ್ರಂಥಾಲಯ ಬೂದಿಯಾಗಿತ್ತು. ಸುಮಾರು 97,000 ಪುಸ್ತಕ, ತಾಳೆಗರಿಗಳು ಹೋದವು.

ಯುದ್ಧದ ದಾರಿಯನ್ನು ಚುಟುಕಾಗಿ ಹೇಳುತ್ತೇನೆ. 1983ರ ಜುಲೈ 23ರ ರಾತ್ರಿ ಜಾಫ್ನಾದ ತಿರುನೆಲ್ವೇಲಿಯಲ್ಲಿ ಎಲ್‌ಟಿಟಿಇ ಹೊಂಚುಹಾಕಿ 13 ಸೈನಿಕರನ್ನು ಕೊಂದಿತು. ಮರುದಿನದಿಂದ ಕೊಲಂಬೊ ಹೊತ್ತಿ ಉರಿಯಿತು. ಮತದಾರರ ಪಟ್ಟಿ ಹಿಡಿದ ಗುಂಪುಗಳು ತಮಿಳರ ಮನೆ ಹುಡುಕಿದವು. ವೆಲಿಕಡ ಜೈಲಿನಲ್ಲೇ 53 ತಮಿಳು ಕೈದಿಗಳ ಕೊಲೆಯಾಯಿತು. 1987ರ ಜುಲೈನಲ್ಲಿ ರಾಜೀವ್–ಜಯವರ್ಧನೆ ಒಪ್ಪಂದ. ಶಾಂತಿ ಕಾಯಲು ಹೋದ ಭಾರತೀಯ ಪಡೆ ಅಕ್ಟೋಬರ್ ಹೊತ್ತಿಗೆ ಎಲ್‌ಟಿಟಿಇ ಜೊತೆಗೇ ಕಾದಾಡುತ್ತಿತ್ತು. ಸುಮಾರು 1,200 ಯೋಧರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ಮರಳಿತು. ಅದೇ 1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಉತ್ತರದ ಸುಮಾರು 70,000 ಮುಸ್ಲಿಮರನ್ನು ಕೆಲವೇ ದಿನಗಳಲ್ಲಿ ಒಕ್ಕಲೆಬ್ಬಿಸಿತು. ಅವರ ಮಾತೂ ತಮಿಳೇ ಆಗಿತ್ತು. ಭಾಷೆಯ ಹೆಸರಿನ ಹೋರಾಟ ಎನ್ನುವವರು ಇದನ್ನು ನುಂಗಿಕೊಂಡು ಮಾತಾಡಬಾರದು.

1995ರ ಕೊನೆಗೆ ಸೇನೆ ಜಾಫ್ನಾ ಹಿಡಿಯಿತು, 2002ರ ಫೆಬ್ರವರಿಯಲ್ಲಿ ನಾರ್ವೆ ಕದನವಿರಾಮ ಮಾಡಿಸಿತು. ಆಮೇಲೆ ಎಲ್‌ಟಿಟಿಇ ಸೋತದ್ದು ರಣರಂಗದಲ್ಲಷ್ಟೇ ಅಲ್ಲ. 2004ರಲ್ಲಿ ಅದರ ಪೂರ್ವದ ದಳಪತಿ ಕರುಣಾ ಅಲ್ಲಿನ ಹೋರಾಟಗಾರರೊಂದಿಗೆ ಸಿಡಿದುಹೋದ. 2005ರ ಅಧ್ಯಕ್ಷೀಯ ಚುನಾವಣೆಯಲ್ಲಿ ಎಲ್‌ಟಿಟಿಇ ತಮಿಳರಿಗೆ ಮತ ಹಾಕಗೊಡಲಿಲ್ಲ. ಮಹಿಂದ ರಾಜಪಕ್ಸ ಎರಡು ಲಕ್ಷಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದರು. ತನ್ನನ್ನು ಮುಗಿಸುವವನಿಗೆ ತಾನೇ ಕುರ್ಚಿ ಹಾಕಿಕೊಟ್ಟಂತಾಯಿತು. 2007ರಲ್ಲಿ ನೌಕಾಪಡೆ ದೂರದ ಸಾಗರದಲ್ಲಿ ಶಸ್ತ್ರ ತುಂಬಿದ ಹಡಗುಗಳನ್ನು ಮುಳುಗಿಸಿತು. ಗುಂಡು ಬರುವ ದಾರಿ ಬತ್ತಿತು. 2009ರ ಜನವರಿ 2ಕ್ಕೆ ಕಿಲಿನೊಚ್ಚಿ ಬಿತ್ತು, ಮೇ ತಿಂಗಳಲ್ಲಿ ನಂದಿಕಡಲ್ ಹಿನ್ನೀರಿನ ದಂಡೆಯಲ್ಲಿ ಎಲ್‌ಟಿಟಿಇ ನಾಯಕ ಪ್ರಭಾಕರನ್ ಸತ್ತ. ಕೊನೆಯ ತಿಂಗಳುಗಳಲ್ಲಿ ಸತ್ತ ನಾಗರಿಕರು 40,000ದವರೆಗೂ ಇರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು, ಸರ್ಕಾರ ಒಪ್ಪಲಿಲ್ಲ.

ಯಾರೂ ಕೇಳದಿದ್ದರೂ ಒಂದು ಮಾತು: ಹಾಗಾದರೆ ಆ ತೋಟದವರ ಕಥೆ ಏನಾಯಿತು? ಅವರಿಗೆ ಪೆಟ್ಟು ಬಿದ್ದದ್ದು ಯುದ್ಧಕ್ಕಿಂತ 35 ವರ್ಷ ಮೊದಲೇ. 1948ರ ಪೌರತ್ವ ಕಾಯ್ದೆಯ ಪ್ರಕಾರ ಸಿಲೋನಿನಲ್ಲಿ ಹುಟ್ಟಿದರೆ ಸಾಲದು, ಅಪ್ಪನೂ ಅಲ್ಲೇ ಹುಟ್ಟಿರಬೇಕು. ಇಲ್ಲದಿದ್ದರೆ ಅಜ್ಜ, ಮುತ್ತಜ್ಜ ಇಬ್ಬರೂ. ಲೈನ್ ಮನೆಯಲ್ಲಿ ಅಜ್ಜನ ಜನನ ಪತ್ರ ಎಲ್ಲಿಂದ ತರಬೇಕು? ಮರುವರ್ಷದ ಕಾಯ್ದೆ ಅರ್ಜಿಗೆ ದಾರಿ ಕೊಟ್ಟಿತು: ಮದುವೆಯಾದವರು 7 ವರ್ಷ, ಆಗದವರು 10 ವರ್ಷ, 1946ಕ್ಕೆ ಮುಂಚಿನ ನಿರಂತರ ವಾಸ ತೋರಿಸಬೇಕು. ಎಂಟು ಲಕ್ಷಕ್ಕೂ ಹೆಚ್ಚು ಜನರ ಪರವಾಗಿ ಅರ್ಜಿ ಬಿತ್ತು; ಸಿಕ್ಕಿದ್ದು ಸುಮಾರು 1.34 ಲಕ್ಷ ಜನರಿಗೆ. ಉಳಿದವರಿಗೆ ದೇಶವೇ ಇಲ್ಲ. 1964ರಲ್ಲಿ ಪ್ರಧಾನಿ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಕೂತು, ಅಷ್ಟು ಹೊತ್ತಿಗೆ 9.75 ಲಕ್ಷದಷ್ಟಿದ್ದ ಆ ಜನರನ್ನು ಪಾಲು ಮಾಡಿಕೊಂಡರು: ಭಾರತಕ್ಕೆ 5.25 ಲಕ್ಷ, ಸಿಲೋನಿಗೆ 3 ಲಕ್ಷ, ಉಳಿದ 1.5 ಲಕ್ಷ ಆಮೇಲೆ ನೋಡೋಣ ಎಂದು. 1974ರಲ್ಲಿ ಎರಡೂ ದೇಶಗಳು ಅದನ್ನೂ ಅರ್ಧರ್ಧ ಹಂಚಿಕೊಂಡವು.

ಹಾಗೆ ಬಂದವರಲ್ಲಿ ಒಂದು ಪಾಲನ್ನು ನಮ್ಮ ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಿದರು. ಅವರನ್ನು ‘ಸಿಲೋನ್ ನಿರಾಶ್ರಿತರು’ ಎಂದು ಕರೆಯುವುದನ್ನು ದಯವಿಟ್ಟು ನಿಲ್ಲಿಸಿ. 1983ರ ನಂತರ ದೋಣಿಯಲ್ಲಿ ತಮಿಳುನಾಡಿಗೆ ಬಂದು ಶಿಬಿರ ಸೇರಿದವರು ಬೇರೆ. ಇವರು ಒಪ್ಪಂದದಂತೆ ಭಾರತದ ಪಾಸ್‌ಪೋರ್ಟ್ ಹಿಡಿದು ತಲೈಮನ್ನಾರ್‌ನಿಂದ ರಾಮೇಶ್ವರಕ್ಕೆ ಫೆರ್ರಿಯಲ್ಲಿ ಬಂದ ಪೌರರು. ಯುದ್ಧ ಶುರುವಾದ ಮೇಲೆ, 1984ರಲ್ಲಿ, ಆ ಫೆರ್ರಿ ನಿಂತುಹೋಯಿತು. ಪಾಸ್‌ಪೋರ್ಟ್ ಕೈಗೆ ಬಂದು, ಗಂಟುಮೂಟೆ ಕಟ್ಟಿಕೊಂಡು ಕೂತಿದ್ದ ಸಾವಿರಾರು ಸಂಸಾರಗಳು ಬೆಟ್ಟದಲ್ಲೇ ಉಳಿದವು. ಅವರಿಗೆ ಶ್ರೀಲಂಕಾದ ಪೌರತ್ವ ಕೊಡುವ ಕಾನೂನು ಕೊಲಂಬೊದ ಸಂಸತ್ತಿನಲ್ಲಿ ಪಾಸಾದದ್ದು 2003ರಲ್ಲಿ.