ಬೀಗದೊಳಗಿನ ತರಗತಿಯ ಖರ್ಚು ಯಾರ ತಲೆಗೆ?

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳ ಹಣಕಾಸು ನಿಯಮಗಳಲ್ಲಿ ಒಂದು ಸಾಲಿತ್ತು. ರಾಜ್ಯದ ಅನುದಾನ ಬೇಕಾದರೆ ತರಗತಿಯ ಬಾಗಿಲು ಎಲ್ಲ ಸಾರ್ವಜನಿಕರಿಗೂ ತೆರೆದಿರಬೇಕು. ಮೇಲ್ನೋಟಕ್ಕೆ ಯಾರೂ ತಕರಾರು ಮಾಡದ ಸಾಲು. ತೆರಿಗೆ ಹಣದಲ್ಲಿ ನಡೆಯುವ ಪಾಠ ಕೆಲವರ ಸ್ವತ್ತಾಗಬಾರದು, ಸರಿ. ಆದರೆ ಜೈಲಿನೊಳಗೆ ನಡೆಯುವ ಪಾಠಕ್ಕೆ ಬೀದಿಯಲ್ಲಿ ಹೋಗುವವರು ಬಂದು ಕೂರುವಂತಿಲ್ಲ. ಹಾಗಾಗಿ ಲೆಕ್ಕಪತ್ರದ ಕಣ್ಣಿಗೆ ಅದು ತರಗತಿಯೇ ಅಲ್ಲ. ಮೇಷ್ಟ್ರು ಹೋಗಿ ಪಾಠ ಹೇಳಿದರೆ ಅವರ ಸಂಬಳ ಕಾಲೇಜಿನ ಕೈಯಿಂದ ಹೋಗಬೇಕು. ಯಾವ ಕಾಲೇಜು ಹೋಗುತ್ತದೆ?

ಅಮೆರಿಕದ ಜೈಲುಗಳಲ್ಲಿ ಕಾಲೇಜು ಶಿಕ್ಷಣ ಬಂದದ್ದು, ಮಾಯವಾದದ್ದು, ಮತ್ತೆ ಬಂದದ್ದು ಹೆಚ್ಚಾಗಿ ಇಂಥ ಸಾಲುಗಳಿಂದಲೇ. ಅಪರಾಧ, ಶಿಕ್ಷೆ, ಸುಧಾರಣೆ ಎಂದು ವೇದಿಕೆಗಳಲ್ಲಿ ನಡೆದ ವಾದಗಳಿಗಿಂತ, ‘ವಿದ್ಯಾರ್ಥಿ’ ಎಂದು ಯಾರನ್ನು ಎಣಿಸಬೇಕು ಎಂಬ ಗುಮಾಸ್ತಗಿರಿಯ ಪ್ರಶ್ನೆಯೇ ಇಲ್ಲಿ ಹೆಚ್ಚು ಕೆಲಸ ಮಾಡಿದೆ.

ಕಮ್ಯುನಿಟಿ ಕಾಲೇಜಿಗೆ ನಮ್ಮಲ್ಲಿ ಸರಿಯಾದ ಜೋಡಿಯಿಲ್ಲ. ಪದವಿ ಕಾಲೇಜಿನ ಮೊದಲ ಎರಡು ವರ್ಷ, ಐಟಿಐ, ಸಂಜೆ ಕಾಲೇಜು ಈ ಮೂರನ್ನೂ ಒಂದೇ ಕಟ್ಟಡದಲ್ಲಿ ಸೇರಿಸಿದರೆ ಅದರ ಹತ್ತಿರಕ್ಕೆ ಬರಬಹುದು. ಊರಿನ ಯಾರು ಬೇಕಾದರೂ ಸೇರಬಹುದು, ಶುಲ್ಕ ಕಡಿಮೆ. ಎರಡು ವರ್ಷದ ‘ಅಸೋಸಿಯೇಟ್’ ಪದವಿ ಮುಗಿಸಿ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗಬಹುದು. ಅಮೆರಿಕದ ಬಹಳಷ್ಟು ಜೈಲುಗಳು ದೊಡ್ಡ ನಗರಗಳಿಂದ ದೂರದಲ್ಲಿವೆ. ಅವುಗಳ ಸಮೀಪ ಇರುವ ಕಾಲೇಜು ಎಂದರೆ ಸಾಮಾನ್ಯವಾಗಿ ಇದೇ. ಟೆಕ್ಸಾಸಿನ ಲೀ ಕಾಲೇಜು 1966ರಲ್ಲೇ ಹಂಟ್ಸ್‌ವಿಲ್‌ನ ಜೈಲುಗಳಲ್ಲಿ ಪಾಠ ಶುರುಮಾಡಿತ್ತು.

ದೊಡ್ಡ ಮಟ್ಟದ ಹಣ ಬಂದದ್ದು 1972ರಲ್ಲಿ. ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದ 1965ರ ಉನ್ನತ ಶಿಕ್ಷಣ ಕಾಯ್ದೆಗೆ ಆ ವರ್ಷ ತಿದ್ದುಪಡಿಯಾಗಿ, ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರವೇ ನೇರವಾಗಿ ಅನುದಾನ ಕೊಡುವ ಯೋಜನೆ ಹುಟ್ಟಿತು. ಇದು ಸಾಲವಲ್ಲ, ತೀರಿಸಬೇಕಾಗಿಲ್ಲ. ಇದಕ್ಕಾಗಿ ದುಡಿದ ರೋಡ್ ಐಲೆಂಡ್ ಸೆನೆಟರ್ ಕ್ಲೇಬೋರ್ನ್ ಪೆಲ್ ಅವರ ಹೆಸರನ್ನು 1980ರಲ್ಲಿ ಯೋಜನೆಗೆ ಇಡಲಾಯಿತು. ಆದಾಯ ಕಡಿಮೆಯಿದ್ದವರು ಅರ್ಹರು ಎಂದಿತು ಕಾನೂನು. ಕೈದಿಗೆ ಆದಾಯವೆಲ್ಲಿಂದ? ಅವನೂ ಅರ್ಹನಾದ. ಹಿಂದಿನ ವರ್ಷವಷ್ಟೇ, 1971ರ ಸೆಪ್ಟೆಂಬರ್‌ನಲ್ಲಿ, ನ್ಯೂಯಾರ್ಕ್ ರಾಜ್ಯದ ಅಟಿಕಾ ಜೈಲಿನಲ್ಲಿ ಕೈದಿಗಳು ದಂಗೆಯೆದ್ದು 43 ಜನ ಸತ್ತಿದ್ದರು. ಅವರ ಬೇಡಿಕೆಗಳ ಪಟ್ಟಿಯಲ್ಲಿ ಶಿಕ್ಷಣವನ್ನು ಸುಧಾರಿಸಿ ಎಂಬುದೂ ಇತ್ತು. ಅಟಿಕಾದಿಂದಲೇ ಪೆಲ್ ಅನುದಾನ ಬಂತು ಎನ್ನುವುದು ಅತಿಯಾದೀತು. ಆದರೆ ಜೈಲಿನಲ್ಲಿ ಏನಾದರೂ ಮಾಡಬೇಕು ಎಂದು ಅಧಿಕಾರಿಗಳಿಗೂ ಅನಿಸಿದ್ದ ಕಾಲದಲ್ಲೇ ಹಣವೂ ಬಂತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಜೈಲಿನೊಳಗಿನ ಕಾಲೇಜು ಕಾರ್ಯಕ್ರಮಗಳು ನೂರಾರಾದವು.

ನಂತರ 1994. ದೇಶದ ಜೈಲುಗಳಲ್ಲಿದ್ದವರ ಸಂಖ್ಯೆ ಹತ್ತು ಲಕ್ಷ ದಾಟಿದ ವರ್ಷ ಅದು. ಅಪರಾಧದ ಬಗ್ಗೆ ಮೆತ್ತಗೆ ಮಾತಾಡಿದ ರಾಜಕಾರಣಿ ಚುನಾವಣೆ ಗೆಲ್ಲುವುದು ಕಷ್ಟವಾಗಿತ್ತು. ಟೆಕ್ಸಾಸಿನ ರಿಪಬ್ಲಿಕನ್ ಸೆನೆಟರ್ ಕೇ ಬೈಲಿ ಹಚಿಸನ್, ಟೆನೆಸಿಯ ಡೆಮಾಕ್ರಟಿಕ್ ಸದಸ್ಯ ಬಾರ್ಟ್ ಗಾರ್ಡನ್ ಇಬ್ಬರೂ ಸಂಸತ್ತಿನ ಎರಡು ಸದನಗಳಲ್ಲಿ ಒಂದೇ ವಾದ ಮುಂದಿಟ್ಟರು: ತಪ್ಪು ಮಾಡದ ಮನೆಯ ಮಗುವಿಗೆ ಸಿಗದ ಹಣ ಕಳ್ಳರಿಗೂ ಕೊಲೆಗಾರರಿಗೂ ಹೋಗುತ್ತಿದೆ. ತುತ್ತು ಕಿತ್ತುಕೊಂಡ ಕಥೆಗೆ ಎದುರುತ್ತರ ಕೊಡುವುದು ಸುಲಭವಲ್ಲ.

ಉತ್ತರ ಇತ್ತು, ಅದೂ ಸರ್ಕಾರದ್ದೇ ಲೆಕ್ಕ ತನಿಖಾ ಸಂಸ್ಥೆಯ ಕಡತದಲ್ಲಿ. ಪೆಲ್ ಯೋಜನೆಯಡಿ ಆ ವರ್ಷ ಹಂಚಿದ ಸುಮಾರು 530 ಕೋಟಿ ಡಾಲರ್‌ಗಳಲ್ಲಿ ಕೈದಿಗಳಿಗೆ ಹೋದದ್ದು 3.5 ಕೋಟಿಯ ಆಸುಪಾಸು. ಪಡೆದ ಕೈದಿಗಳು ಸುಮಾರು 23 ಸಾವಿರ. ನೂರು ಡಾಲರಿಗೆ ಒಂದು ಡಾಲರೂ ಅಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ, ಪೆಲ್ ಎಂಬುದು ಇಷ್ಟೇ ಸೀಟು ಎಂದು ಹಂಚುವ ಯೋಜನೆಯಲ್ಲ. ಅರ್ಹತೆಯಿರುವ ಪ್ರತಿಯೊಬ್ಬನಿಗೂ ಸಿಗುತ್ತದೆ. ಕೈದಿಗೆ ಕೊಟ್ಟದ್ದರಿಂದ ಹೊರಗಿನ ಒಬ್ಬ ವಿದ್ಯಾರ್ಥಿಗೂ ಅನುದಾನ ತಪ್ಪಿರಲಿಲ್ಲ. ತಮ್ಮ ಹೆಸರಿನ ಯೋಜನೆಯಿಂದ ಕೈದಿಗಳನ್ನು ತೆಗೆಯುವುದಕ್ಕೆ ಪೆಲ್ ಸ್ವತಃ ವಿರೋಧ ವ್ಯಕ್ತಪಡಿಸಿದರು. ಪ್ರಯೋಜನವಾಗಲಿಲ್ಲ. 1994ರ ಸೆಪ್ಟೆಂಬರ್ 13ರಂದು ಬಿಲ್ ಕ್ಲಿಂಟನ್ ಸಹಿ ಹಾಕಿದ ಅಪರಾಧ ನಿಯಂತ್ರಣ ಕಾಯ್ದೆಯಲ್ಲಿ ಕೈದಿಗಳ ಅರ್ಹತೆ ರದ್ದಾಯಿತು. ಮಸೂದೆಯನ್ನು ಸೆನೆಟ್‌ನಲ್ಲಿ ಮುನ್ನಡೆಸಿದವರಲ್ಲಿ ಮುಖ್ಯರು ಜೋ ಬೈಡನ್. ಮರುವರ್ಷ ನ್ಯೂಯಾರ್ಕ್ ತನ್ನ ರಾಜ್ಯದ ವಿದ್ಯಾರ್ಥಿ ಸಹಾಯಧನವನ್ನೂ ಕೈದಿಗಳಿಗೆ ನಿಲ್ಲಿಸಿತು.

ಯಾವ ಕಾನೂನೂ ಜೈಲಿನಲ್ಲಿ ಕಾಲೇಜು ನಡೆಸಬಾರದು ಎಂದಿರಲಿಲ್ಲ. ಬಿಲ್ ಕಟ್ಟುವವರು ಇಲ್ಲವಾದರು, ಅಷ್ಟೆ. ಕೆಲವೇ ವರ್ಷಗಳಲ್ಲಿ ನೂರಾರು ಕಾರ್ಯಕ್ರಮಗಳು ಬೆರಳೆಣಿಕೆಗೆ ಇಳಿದವು. ಪದವಿಗೆ ಒಂದೆರಡು ವಿಷಯ ಬಾಕಿಯಿದ್ದವರ ಪದವಿ ಅಲ್ಲಿಗೇ ನಿಂತಿತು.

ಖಾಲಿಯಾದ ಜಾಗಕ್ಕೆ ಬಂದವರು ದಾನಿಗಳು, ಸ್ವಯಂಸೇವಕರು. ಸ್ಯಾನ್ ಕ್ವೆಂಟಿನ್ ಕ್ಯಾಲಿಫೋರ್ನಿಯಾದ ಅತಿ ಹಳೆಯ ಜೈಲು. ಅಲ್ಲಿ 1996ರಲ್ಲಿ ಸಂಬಳವಿಲ್ಲದ ಅಧ್ಯಾಪಕರನ್ನು ಕಟ್ಟಿಕೊಂಡು ಪಾಠ ಶುರುವಾಯಿತು. ಆ ಕಾರ್ಯಕ್ರಮವೇ ಬೆಳೆದು ಮೌಂಟ್ ಟಮಲ್ಪಾಯಿಸ್ ಕಾಲೇಜು ಎಂಬ ಹೆಸರಿನಲ್ಲಿ 2022ರಲ್ಲಿ ಸ್ವತಂತ್ರ ಮಾನ್ಯತೆ ಪಡೆಯಿತು. ನ್ಯೂಯಾರ್ಕ್‌ನಲ್ಲಿ ಬಾರ್ಡ್ ಕಾಲೇಜು 1999ರಲ್ಲಿ ತನ್ನ ಜೈಲು ಕಾರ್ಯಕ್ರಮ ಆರಂಭಿಸಿತು. 2015ರಲ್ಲಿ ಅದರ ಕೈದಿ ವಿದ್ಯಾರ್ಥಿಗಳು ಚರ್ಚಾಸ್ಪರ್ಧೆಯಲ್ಲಿ ಹಾರ್ವರ್ಡ್ ತಂಡವನ್ನು ಸೋಲಿಸಿದರು. ಇಂಟರ್ನೆಟ್ ಇಲ್ಲದೆ, ಜೈಲು ಆಡಳಿತ ಒಪ್ಪಿಗೆ ಕೊಟ್ಟ ಪುಸ್ತಕಗಳನ್ನಷ್ಟೇ ಓದಿ, ತಮಗೇ ಒಪ್ಪಿಗೆಯಿಲ್ಲದ ಪಕ್ಷವನ್ನು ಸಮರ್ಥಿಸಿ. ಪತ್ರಿಕೆಗಳಿಗೆ ಹಬ್ಬವಾಯಿತು. ಆದರೆ ಹಾರ್ವರ್ಡನ್ನು ಸೋಲಿಸುವುದು ಜೈಲು ಶಿಕ್ಷಣದ ಅಳತೆಗೋಲಾಗುವುದು ನನಗೆ ಅಷ್ಟು ಹಿತವೆನಿಸುವುದಿಲ್ಲ. ದಾನದ ಹಣದಲ್ಲಿ ಕೆಲವು ನೂರು ಜನರಿಗೆ ಒಳ್ಳೆಯ ಪಾಠ ಹೇಳಬಹುದು. ಬೀಜಗಣಿತದಲ್ಲಿ ತಿಣುಕಾಡುವ ಸಾಧಾರಣ ಕೈದಿಗೆ, ದಾನಿಗಳ ಕಣ್ಣಿಗೆ ಬೀಳದ ಮರುಭೂಮಿಯ ಜೈಲಿನಲ್ಲಿರುವವನಿಗೆ, ಸರ್ಕಾರದ ಹಣವೇ ಬೇಕು.

ಆ ಹಣವನ್ನು ಮರಳಿ ಕೇಳಲು ಒಂದು ಅಂಕಿ ನೆರವಾಯಿತು. 2013ರಲ್ಲಿ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಹಿಂದಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಜೈಲಿನಲ್ಲಿ ಶಿಕ್ಷಣ ಪಡೆದವರು ಮತ್ತೆ ಅಪರಾಧಕ್ಕೆ ಮರಳುವ ಸಂಭವ ಉಳಿದವರಿಗಿಂತ 43% ಕಡಿಮೆ ಎಂದಿತು. ಶಿಕ್ಷಣಕ್ಕೆ ಹಾಕಿದ ಪ್ರತಿ ಡಾಲರಿಗೆ, ಬಿಡುಗಡೆಯ ನಂತರದ ಮೂರು ವರ್ಷಗಳಲ್ಲಿ ಜೈಲಿನ ಖರ್ಚಿನಲ್ಲಿ ನಾಲ್ಕೈದು ಡಾಲರ್ ಉಳಿಯುತ್ತದೆ ಎಂಬುದು ಇನ್ನೊಂದು ಲೆಕ್ಕ. ಅಂದಿನಿಂದ ಈ ಅಂಕಿಗಳನ್ನು ಉಲ್ಲೇಖಿಸದ ಭಾಷಣವಿಲ್ಲ. ಒಂದು ಎಚ್ಚರ ಬೇಕು: ಜೈಲಿನಲ್ಲಿ ತಾನಾಗಿ ತರಗತಿಗೆ ಹೆಸರು ಕೊಡುವವನು ಮೊದಲೇ ಬದಲಾಗಲು ಹೊರಟವನಾಗಿರಬಹುದು. ಅದನ್ನು ಪೂರ್ತಿ ಬೇರ್ಪಡಿಸಿ ಅಳೆಯುವುದು ಕಷ್ಟ. ಹಾಗೆಂದು ರಿಯಾಯಿತಿ ಕೊಟ್ಟು ನೋಡಿದರೂ ಲೆಕ್ಕ ನಷ್ಟದ ಕಡೆಗೆ ವಾಲುವುದಿಲ್ಲ. ಕ್ಯಾಲಿಫೋರ್ನಿಯಾ ಇಂದು ಒಬ್ಬ ಕೈದಿಯ ಮೇಲೆ ವರ್ಷಕ್ಕೆ ಒಂದು ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡುತ್ತದೆ. ಒಬ್ಬ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗೆ ತಗಲುವುದು ಕೆಲವು ಸಾವಿರ.

2014ರಲ್ಲಿ ಎರಡು ರಾಜ್ಯಗಳು ಇದಕ್ಕೆ ಕೈ ಹಾಕಿದವು. ನ್ಯೂಯಾರ್ಕ್ ಗವರ್ನರ್ ಆಂಡ್ರ್ಯೂ ಕ್ಯುಮೊ ಫೆಬ್ರುವರಿಯಲ್ಲಿ, ಜೈಲುಗಳಲ್ಲಿ ಕಾಲೇಜು ಪದವಿಗೆ ರಾಜ್ಯವೇ ಹಣ ಕೊಡುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಘೋಷಿಸಿದರು. ನಾವು ಮಕ್ಕಳ ಓದಿಗೆ ಸಾಲ ಮಾಡುತ್ತಿದ್ದೇವೆ, ಕೈದಿಗಳಿಗೆ ಬಿಟ್ಟಿಯೇ ಎಂಬ ಕೂಗೆದ್ದಿತು. 1994ರ ಮಾತೇ ಮತ್ತೆ. ವಾರಗಳಲ್ಲೇ ಗವರ್ನರ್ ಹಿಂದೆ ಸರಿದರು.

ಕ್ಯಾಲಿಫೋರ್ನಿಯಾದಲ್ಲಿ ರಾಜ್ಯ ಸೆನೆಟರ್ ಲೋನಿ ಹ್ಯಾನ್ಕಾಕ್ ತಂದ ಎಸ್‌ಬಿ 1391 ಮಸೂದೆಯಲ್ಲಿ ‘ಉಚಿತ ಕಾಲೇಜು’ ಎಂಬ ಮಾತೇ ಮುಂದಿರಲಿಲ್ಲ. ಆರಂಭದಲ್ಲಿ ಹೇಳಿದ ಆ ಸಾಲಿಗೆ ಅದು ವಿನಾಯಿತಿ ಕೊಟ್ಟಿತು: ಜೈಲಿನೊಳಗೆ ಎದುರಾಎದುರು ನಡೆಯುವ ತರಗತಿ ಸಾರ್ವಜನಿಕರಿಗೆ ತೆರೆದಿರದಿದ್ದರೂ ಕಾಲೇಜಿಗೆ ಪೂರ್ಣ ಅನುದಾನ ಸಿಗುತ್ತದೆ. ಗವರ್ನರ್ ಜೆರ್ರಿ ಬ್ರೌನ್ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದರು. ಗದ್ದಲವಾಗಲಿಲ್ಲ. ಲೆಕ್ಕದ ನಿಯಮದ ತಿದ್ದುಪಡಿಯ ವಿರುದ್ಧ ಯಾರು ಮೆರವಣಿಗೆ ತೆಗೆಯುತ್ತಾರೆ?

ಹೊರಗಿನ ಬಡ ವಿದ್ಯಾರ್ಥಿಗಳಿಗೆ ಮೊದಲೇ ಇದ್ದ ಶುಲ್ಕ ಮನ್ನಾ ಕೈದಿಗಳಿಗೂ ಅನ್ವಯಿಸಿತು. ಅದಕ್ಕೂ ಮುನ್ನ ಅಲ್ಲಿ ಕಾಲೇಜು ಎಂದರೆ ಬಹುಪಾಲು ಅಂಚೆ ಪಾಠ. ಪೊಟ್ಟಣ ಬರುತ್ತದೆ, ಉತ್ತರ ಬರೆದು ಕಳಿಸಬೇಕು, ಅರ್ಥವಾಗದಿದ್ದರೆ ಪಕ್ಕದ ಸೆಲ್ಲಿನವನೇ ಗುರು. ಈಗ ಮೇಷ್ಟ್ರು ಗೇಟಿನಲ್ಲಿ ತಪಾಸಣೆ ಮುಗಿಸಿ ಒಳಗೆ ಬಂದು ಬೋರ್ಡಿನ ಮೇಲೆ ಬರೆಯತೊಡಗಿದರು. ಮೂರೇ ವರ್ಷಗಳಲ್ಲಿ, 2017ರ ಹೊತ್ತಿಗೆ, ರಾಜ್ಯದ 35 ಜೈಲುಗಳ ಪೈಕಿ 34ರಲ್ಲಿ ಎದುರಾಎದುರು ತರಗತಿಗಳಿದ್ದವು. ಒಂದು ಸೆಮಿಸ್ಟರಿಗೆ ಓದುತ್ತಿದ್ದವರು ಸುಮಾರು 4,500. ರಾಜ್ಯದ ಅನುದಾನ ಬರುವುದು ವಿದ್ಯಾರ್ಥಿಗಳ ತಲೆಯೆಣಿಕೆಯ ಮೇಲೆ, ಹಾಗಾಗಿ ಕೈದಿಗಳನ್ನು ‘ಅಂಕಿಗಾಗಿ’ ಸೇರಿಸಿಕೊಳ್ಳುತ್ತಾರೆ ಎಂಬ ಕೊಂಕು ಇದ್ದೇ ಇತ್ತು. ಕೊಂಕಿನಲ್ಲಿ ಹುರುಳಿಲ್ಲವೆನ್ನಲಾರೆ. ಹೊರಗೆ ವಿದ್ಯಾರ್ಥಿಗಳು ಕಡಿಮೆಯಾಗುತ್ತಿದ್ದ ಸಣ್ಣ ಕಾಲೇಜುಗಳಿಗೆ ಜೈಲು ಎಂದರೆ ತುಂಬಿದ ಬೆಂಚುಗಳು. ಆದರೆ ಪಾಠ ಕೇಳುವವನಿಗೆ ಅದರಿಂದ ನಷ್ಟವೇನು ಎಂದು ನಾನು ಕೇಳುತ್ತೇನೆ.

ಕೇಂದ್ರದ ಹಣವೂ ಸದ್ದಿಲ್ಲದೆಯೇ ಮರಳಿತು. ಉನ್ನತ ಶಿಕ್ಷಣ ಕಾಯ್ದೆಯಲ್ಲಿ ಪ್ರಯೋಗಗಳಿಗೆ ಅವಕಾಶವಿದೆ. ಅದನ್ನು ಬಳಸಿ ಒಬಾಮಾ ಸರ್ಕಾರ 2015ರಲ್ಲಿ ಎರಡನೇ ಅವಕಾಶದ ಪೆಲ್ ಯೋಜನೆ ಘೋಷಿಸಿ, ಮರುವರ್ಷ 67 ಕಾಲೇಜುಗಳನ್ನು ಆರಿಸಿತು. ಸಂಸತ್ತಿನ ಒಪ್ಪಿಗೆ ಬೇಕಾಗಲಿಲ್ಲ. ಟ್ರಂಪ್ ಸರ್ಕಾರ ಅದನ್ನು ನಿಲ್ಲಿಸುವ ಬದಲು ವಿಸ್ತರಿಸಿತು. ಕೊನೆಗೆ 2020ರ ಡಿಸೆಂಬರ್‌ನಲ್ಲಿ ಕೋವಿಡ್ ಪರಿಹಾರವೂ ಇಡೀ ಸರ್ಕಾರದ ಬಜೆಟ್ಟೂ ಸೇರಿದ 5,593 ಪುಟಗಳ ಮಸೂದೆಯೊಳಗೆ, 26 ವರ್ಷಗಳ ನಿಷೇಧ ತೆಗೆಯುವ ಕೆಲವು ಪುಟಗಳೂ ಸೇರಿದವು. ಟ್ರಂಪ್ ಸಹಿ ಹಾಕಿದರು. 2023ರ ಜುಲೈ 1ರಂದು ಜಾರಿಗೆ ಬಂದಾಗ ಅಧ್ಯಕ್ಷರಾಗಿದ್ದವರು, 1994ರ ಮಸೂದೆಯನ್ನು ಮುನ್ನಡೆಸಿದ ಅದೇ ಬೈಡನ್.

ಈ ಸಲ ಕಾನೂನು ಹುಷಾರಾಗಿದೆ. ಲಾಭಕ್ಕಾಗಿ ನಡೆಯುವ ಕಾಲೇಜುಗಳಿಗೆ ಪ್ರವೇಶವಿಲ್ಲ. ಕಾಲೇಜೊಂದು ಹೊಸದಾಗಿ ಜೈಲು ಕಾರ್ಯಕ್ರಮ ಶುರುಮಾಡಲು ಜೈಲು ಇಲಾಖೆ, ಮಾನ್ಯತಾ ಸಂಸ್ಥೆ, ಕೇಂದ್ರ ಶಿಕ್ಷಣ ಇಲಾಖೆ ಮೂವರ ಒಪ್ಪಿಗೆ ಬೇಕು. ಅರ್ಹರಾಗಬಹುದಾದ ಕೈದಿಗಳು ಲಕ್ಷಗಟ್ಟಲೆ, ಒಪ್ಪಿಗೆಯಾಗಿ ಬರುವ ಕಾರ್ಯಕ್ರಮಗಳು ಬಸವನಹುಳುವಿನ ನಡಿಗೆಯಲ್ಲಿ. ಹೊಸ ನಿಯಮದಡಿ ಒಪ್ಪಿಗೆ ಪಡೆದ ಮೊದಲ ಪದವಿ ಕಾರ್ಯಕ್ರಮ ಕ್ಯಾಲಿಫೋರ್ನಿಯಾದ ಪೆಲಿಕನ್ ಬೇ ಜೈಲಿನದು, ವರ್ಷಗಟ್ಟಲೆ ಏಕಾಂತ ಸೆರೆಗೆ ಕುಖ್ಯಾತವಾಗಿದ್ದ ಜಾಗ. ಅಲ್ಲಿ ಕಮ್ಯುನಿಟಿ ಕಾಲೇಜೊಂದು ಮೊದಲೇ ಕಲಿಸುತ್ತಿತ್ತು. ಅದರ ಮೇಲಿನ ಎರಡು ವರ್ಷಗಳನ್ನು ಕ್ಯಾಲ್ ಪಾಲಿ ಹಂಬೋಲ್ಟ್ ವಿಶ್ವವಿದ್ಯಾಲಯ ವಹಿಸಿಕೊಂಡಿತು. ಪೆಲ್ ಹೆಚ್ಚು ಉಪಯೋಗಕ್ಕೆ ಬರುವುದು ಇಂಥ ಮೇಲಿನ ವರ್ಷಗಳಿಗೇ. ಶುಲ್ಕವೇ ಮನ್ನಾ ಆಗಿರುವ ಕೆಳಗಿನ ಹಂತದಲ್ಲಿ ಅದಕ್ಕೆ ಕಟ್ಟಲು ಬಿಲ್ಲೇ ಇರುವುದಿಲ್ಲ. ಅಲ್ಲಿ ಈಗಲೂ ನಡೆಯುವುದು ರಾಜ್ಯದ ತಲೆಯೆಣಿಕೆ.

ಆ ಎಣಿಕೆಗೆ ಈಗ ಬೇರೊಂದು ಕಡೆಯಿಂದ ತೊಂದರೆ ಬಂದಿದೆ. 2006ರಲ್ಲಿ ಕ್ಯಾಲಿಫೋರ್ನಿಯಾ ಜೈಲುಗಳಲ್ಲಿ ಸುಮಾರು 1,73,000 ಜನರಿದ್ದರು. ಈಗ 90 ಸಾವಿರದ ಆಸುಪಾಸು. ರಾಜ್ಯ ಒಂದೊಂದೇ ಜೈಲು ಮುಚ್ಚುತ್ತಿದೆ. ಅರಿಜೋನಾ ಗಡಿಯ ಬ್ಲೈತ್ ಎಂಬ ಪುಟ್ಟ ಊರಿನ ಚಕವಾಲ ವ್ಯಾಲಿ ಜೈಲಿಗೆ 2024ರ ನವೆಂಬರ್‌ನಲ್ಲಿ ಬೀಗ ಬಿತ್ತು. ಅದೇ ಊರಿನ ಪಾಲೋ ವರ್ಡೆ ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿಗಳಲ್ಲಿ ದೊಡ್ಡ ಪಾಲು ಕೈದಿಗಳದೇ ಆಗಿತ್ತು. ಚಕವಾಲದ ಪಕ್ಕದ ಐರನ್‌ವುಡ್ ಜೈಲು ಇನ್ನೂ ತೆರೆದಿದೆ.